ದ್ರಾಕ್ಷಿತೋಟದ ಸಬ್‌ಮರೀನು

ಕಳೆದ ವಾರ ಫ್ರೀವೇ ಪಕ್ಕದ ಬಂಕಿನಲ್ಲಿ ಕಾರಿಗೆ ಪೆಟ್ರೋಲು ತುಂಬಿಸುವಾಗ ಪೈಪಿನ ಮೂತಿಯಿಂದ ನಾಲ್ಕು ಹನಿ ನನ್ನ ಚಪ್ಪಲಿಯ ಮೇಲೆ ಬಿತ್ತು. ಈ ಅಮೆರಿಕದಲ್ಲಿ ಊರೆಲ್ಲ ಅದನ್ನು ಗ್ಯಾಸ್ ಅನ್ನುತ್ತದೆ. ಇಷ್ಟು ವರ್ಷವಾದರೂ ನನಗೆ ಗ್ಯಾಸ್ ಅಂದರೆ ಮೈಸೂರಿನ ಅಡುಗೆಮನೆಯ ಸಿಲಿಂಡರೇ. ಲಿವರ್‌ಮೋರಿನ ನಮ್ಮ ಮನೆ ತಲುಪುವವರೆಗೂ ಆ ವಾಸನೆ ಕಾರಿನೊಳಗೆ ಜೊತೆಗೇ ಕೂತಿತ್ತು. ಕಿಟಕಿ ಇಳಿಸಬಹುದಿತ್ತು, ಇಳಿಸಲಿಲ್ಲ. ಎರಡು ವರ್ಷದ ಹಿಂದಿನ ಹೊಗೆಗಾಲ ಪೂರ್ತಿ ಕಣ್ಣ ಮುಂದೆ ಬಂದುಬಿಟ್ಟಿತು.

ಹೊಗೆಗಾಲ ಅನ್ನುವುದು ನಮ್ಮ ಮನೆಯಲ್ಲಿ ಹುಟ್ಟಿದ ಮಾತು. ಇಲ್ಲಿ ಬೇಸಿಗೆ ಮುಗಿಯಿತು ಅನ್ನುವಷ್ಟರಲ್ಲಿ ಉತ್ತರದ ಕಡೆ ಎಲ್ಲೋ ಕಾಡಿಗೆ ಬೆಂಕಿ ಬೀಳುತ್ತದೆ. ಅದರ ಹೊಗೆ ಗುಡ್ಡ ದಾಟಿ ನಮ್ಮ ಕಣಿವೆಗೆ ಇಳಿಯುತ್ತದೆ. ಸೂರ್ಯ ಕುಂಕುಮದ ಬೊಟ್ಟಿನ ಹಾಗೆ ಕಾಣುತ್ತಾನೆ. ಬೆಳಿಗ್ಗೆ ಎದ್ದವರು ಮಳೆ ಬರುತ್ತಾ ಎಂದು ನೋಡುವುದಿಲ್ಲ, ಫೋನಿನಲ್ಲಿ ಗಾಳಿಯ ಗುಣ ನೋಡುತ್ತಾರೆ. ಆ ವರ್ಷ ಮಾವನವರು ಹುಬ್ಬಳ್ಳಿಯಿಂದ ನಮ್ಮಲ್ಲಿಗೆ ಬಂದದ್ದು ಸರಿಯಾಗಿ ಅದೇ ಹೊತ್ತಿಗೆ.

ನನ್ನ ಸ್ವಭಾವ ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ಅನುಮಾನದ ಪಿಶಾಚಿ. ಇದು ನನ್ನ ಗಂಡ ಮಹೇಶ ಕೊಟ್ಟ ಬಿರುದು. ಕೆಲಸವೂ ಅದಕ್ಕೆ ತಕ್ಕದ್ದೇ ಸಿಕ್ಕಿದೆ. ಆನ್‌ಲೈನಿನಲ್ಲಿ ಬೇರೆಯವರ ಕಾರ್ಡು ಕದ್ದು ಸಾಮಾನು ಕೊಳ್ಳುವ ಕಳ್ಳರನ್ನು ಹಿಡಿಯುವ ತಂಡದಲ್ಲಿದ್ದೇನೆ. ಎಲ್ಲ ಸರಿಯಾಗಿದೆ ಎಂದು ಕಂಡರೆ ಅಲ್ಲೇ ನಿಲ್ಲು, ಇನ್ನೊಂದು ಸಲ ನೋಡು ಎಂದು ಹೊಸಬರಿಗೆ ಪಾಠ ಹೇಳುವವಳು ನಾನೇ. ಅಂಥವಳ ಮನೆಗೆ ಮಾವನವರು ಬಂದರು.

ಹೆಸರು ವೀರಭದ್ರಪ್ಪ. ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ಜಗತ್ತಿನ ಸಮುದ್ರಗಳನ್ನೆಲ್ಲ ಬೋರ್ಡಿನ ಮೇಲೆ ನೀಲಿ ಚಾಕಿನಲ್ಲಿ ಬರೆದು ಅಳಿಸಿದವರು. ಆದರೆ ಗೋಕರ್ಣದಲ್ಲಿ ಪಾದ ತೋಯಿಸಿದ್ದು ಬಿಟ್ಟರೆ ನೀರಿಗೆ ಇಳಿದವರಲ್ಲ. ಕೊರೊನಾದ ಎರಡನೇ ಅಲೆಯಲ್ಲಿ ಅತ್ತೆ ಹೋದರು. ಮಾವನವರಿಗೂ ಅದೇ ಜ್ವರ ಬಂದು, ಬದುಕಿಕೊಂಡರು. ನಮಗೆ ಹೋಗಲು ವಿಮಾನವಿರಲಿಲ್ಲ. ಫೋನಿನಲ್ಲೇ ಅತ್ತೆವು, ಫೋನಿನಲ್ಲೇ ಎಲ್ಲ ಮುಗಿಯಿತು. ಆಮೇಲೆ ಅವರು ಮಾತು ಕಡಿಮೆ ಮಾಡಿದರು ಎಂದು ಮಹೇಶನ ಅಕ್ಕ ಹೇಳುತ್ತಿದ್ದಳು. ಇಲ್ಲಿಗೆ ಬಂದಮೇಲೂ ಅಷ್ಟೇ. ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಪೇಪರು ಓದುವರು, ಸಂಜೆ ನಮ್ಮ ಮಗಳು ತನ್ವಿಯ ಜೊತೆ ಪಾರ್ಕಿಗೆ ಹೋಗುವರು. ಅವರು ಕನ್ನಡದಲ್ಲಿ ಮಾತಾಡಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುವಳು. ಇಬ್ಬರಿಗೂ ಏನೂ ತೊಂದರೆ ಇದ್ದಂತಿರಲಿಲ್ಲ.

ಒಂದು ಗುರುವಾರ ಬೆಳಿಗ್ಗೆ ಅವರು ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ಬಾಗಿಲ ಹತ್ತಿರ ಶೂ ಕಟ್ಟುತ್ತಿದ್ದರು. ನನಗೆ ಎಲ್ಲಿಗೆ ಎಂದು ಕೇಳುವ ಆಸೆ. ಕೇಳುವಂತಿಲ್ಲ. ಹೊರಟವರನ್ನು ಎಲ್ಲಿಗೆ ಎಂದು ಅಡ್ಡ ಕೇಳಿದರೆ ಹೋದ ಕೆಲಸ ಕೆಡುತ್ತದೆ ಎಂದು ನಮ್ಮಮ್ಮ ಚಿಕ್ಕಂದಿನಿಂದ ಬೈದು ಕಲಿಸಿದ್ದಾಳೆ. ಇಡೀ ದಿನ ಅಪರಿಚಿತರ ವ್ಯವಹಾರ ಕೆದಕುವವಳಿಗೆ ಈ ಒಂದು ಪ್ರಶ್ನೆ ಮಾತ್ರ ಗಂಟಲು ದಾಟುವುದಿಲ್ಲ.

"ದೂರಾನಾ ಮಾವ?" ಎಂದೆ. ನಮ್ಮ ಕಡೆ ಹಾಗೆಯೇ ಕೇಳುವುದು.

"ಇಲ್ಲವಾ, ಇಲ್ಲೇ ಹೋಗಿ ಬರ್ತೀನಿ" ಎಂದರು.

ಕಾರಿಲ್ಲದೆ ಹಾಲು ತರಲೂ ಆಗದ ಊರಿನಲ್ಲಿ 'ಇಲ್ಲೇ' ಅಂದರೆ ಎಲ್ಲಿ? ಕಿಟಕಿಯಿಂದ ಬಗ್ಗಿ ನೋಡಿದೆ. ಮನೆ ಮುಂದೆ ಯಾವ ಗಾಡಿಯೂ ಬರಲಿಲ್ಲ. ಅವರು ಬೀದಿಯ ಕೊನೆಯವರೆಗೆ ನಡೆದು, ಅಲ್ಲಿ ಮೂಲೆಯಲ್ಲಿ ಕಾಯುತ್ತಿದ್ದ ಹಳೆಯ ಬಿಳಿ ಪಿಕಪ್ ಟ್ರಕ್ ಹತ್ತಿದರು. ಮಧ್ಯಾಹ್ನ ಅದೇ ಮೂಲೆಯಲ್ಲಿ ಇಳಿದರು. ಮುಂದಿನ ಗುರುವಾರವೂ ಹಾಗೆಯೇ ಆಯಿತು. ಬಟ್ಟೆ ಒಗೆಯಲು ಬುಟ್ಟಿಯಿಂದ ತೆಗೆದರೆ ಆ ಬಿಳಿ ಶರ್ಟಿನಿಂದ ಘಾಟಾಗಿ ಪೆಟ್ರೋಲಿನ ವಾಸನೆ.

ನನ್ನ ತಲೆ ಚಕಚಕ ಓಡಿತು. ಗುಟ್ಟಾಗಿ ಹೋಗುವ ಮುದುಕರು, ಮೂಲೆಯಲ್ಲಿ ಕಾಯುವ ಟ್ರಕ್ಕು, ಮೈಗೆಲ್ಲ ಪೆಟ್ರೋಲು. ಇದಕ್ಕೆ ಇರುವುದು ಒಂದೇ ಅರ್ಥ. ಮಾವನವರು ಯಾವುದೋ ಬಂಕಿನಲ್ಲಿ ಕೆಲಸಕ್ಕೆ ಸೇರಿದ್ದಾರೆ. ಅವರದ್ದು ವಿಸಿಟರ್ ವೀಸಾ, ಅದರಲ್ಲಿ ದುಡಿಯುವಂತಿಲ್ಲ. ನಮ್ಮ ಗ್ರೀನ್‌ಕಾರ್ಡು ಇನ್ನೂ ಸಾಲಿನಲ್ಲಿದೆ. ಒಬ್ಬರು ದೂರು ಕೊಟ್ಟರೆ ಸಾಕು.

"ಏ ಸುಮಾ, ನಮ್ಮಪ್ಪ ಬಂಕ್‌ನ್ಯಾಗ? ಮನ್ಯಾಗ ಒಂದು ಬಲ್ಬ್ ಹಾಕಾಕ ನನ್ನ ಕರೀತಾರ" ಎಂದು ಮಹೇಶ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನು ಹುಬ್ಬಳ್ಳಿಯವನು, ನಗುವಾಗ ಮಾತ್ರ ಪೂರಾ ಹುಬ್ಬಳ್ಳಿಯವನಾಗುತ್ತಾನೆ.

"ಹಾಗಾದ್ರೆ ನೀನೇ ಕೇಳು."

"ನಾ ಯಾಕ ಕೇಳ್ಲಿ? ಹೊರಗ ಹೊಂಟಾರ, ಛಲೋ ಆತು. ಬಂದಾಗಿಂದ ಈಗ ಮಾರಿ ಮ್ಯಾಲೆ ಸ್ವಲ್ಪ ಕಳೆ ಬಂದೇತಿ."

ಅದು ನಿಜವೇ ಆಗಿತ್ತು, ಅದರಿಂದ ನನ್ನ ಅನುಮಾನ ಇನ್ನೂ ಹೆಚ್ಚಾಯಿತು. ಆ ವಾರ ನಾನು ಊರಿನ ಬಂಕುಗಳಿಗೆಲ್ಲ ಸುಮ್ಮನೆ ಹೋಗಿ ಬಂದೆ. ಅರ್ಧ ತುಂಬಿದ ಟ್ಯಾಂಕಿಗೆ ಇನ್ನೊಂದು ಚೂರು ಹಾಕಿಸುವುದು, ಗಾಜಿನೊಳಗೆ ಕತ್ತು ಚಾಚಿ ಕೌಂಟರಿನ ಹಿಂದೆ ಯಾರಿದ್ದಾರೆ ನೋಡುವುದು. ಒಂದು ಕಡೆ ಪಂಜಾಬಿ ಅಂಗಡಿಯವರು ಏನು ಬೇಕಮ್ಮ ಎಂದು ಕೇಳಿದಾಗ ನಾಚಿಕೆಯಾಗಿ, ಬೇಡದ ಚ್ಯೂಯಿಂಗ್ ಗಮ್ಮು ಕೊಂಡು ಬಂದೆ.

ಮನೆಯಲ್ಲೂ ಅವರು ಯಾಕೋ ಬೇರೆ ಲೋಕದಲ್ಲಿದ್ದಂತೆ ಕಾಣುತ್ತಿದ್ದರು. ಒಂದು ದಿನ ನಾನು ಮೇಲೆ ಮೀಟಿಂಗಿನಲ್ಲಿದ್ದಾಗ ಹುಳಿ ತಳ ಹಿಡಿದು ಹೊಗೆ ಎದ್ದಿತು. ಅವರು ಪಕ್ಕದ ಡೈನಿಂಗ್ ಟೇಬಲ್ಲಿನಲ್ಲೇ ಪೇಪರು ಓದುತ್ತ ಕೂತಿದ್ದರು. ಓಡಿ ಬಂದು ಒಲೆ ಆರಿಸಿ, "ಮಾವ, ಸೀದ ವಾಸನೆ ಬರಲಿಲ್ವಾ?" ಎಂದೆ.

"ಇಲ್ಲವಾ, ವಾಸನಿ ಬರಲಿಲ್ಲ" ಎಂದರು.

ಇನ್ನೊಂದು ಸಲ ಒಲೆಯ ಗುಂಡಿ ಅರ್ಧ ತಿರುಗಿ ಗ್ಯಾಸು ಸೋರುತ್ತಿತ್ತು. ಸ್ಕೂಲಿನಿಂದ ಬಂದ ತನ್ವಿ ಬಾಗಿಲಲ್ಲೇ ಮೂಗು ಮುಚ್ಚಿಕೊಂಡು "ಅಜ್ಜಾ, ಇಟ್ ಸ್ಟಿಂಕ್ಸ್!" ಎಂದು ಕಿರುಚಿದಳು. ಆಗಲೂ ಅವರದ್ದು ಅದೇ ಮಾತು. ನಾನು ಹಲ್ಲು ಕಚ್ಚಿಕೊಂಡೆ. ಸೊಸೆಯ ಅಡುಗೆಮನೆಯಲ್ಲಿ ಏನು ಸುಟ್ಟರೂ ತನಗೇನು ಎಂಬ ಉದಾಸೀನ ಎಂದುಕೊಂಡೆ.

ಮೂರನೆಯದೋ ನಾಲ್ಕನೆಯದೋ ಗುರುವಾರ, ಲ್ಯಾಪ್‌ಟಾಪ್ ಮುಚ್ಚಿಟ್ಟು ಆ ಟ್ರಕ್ಕಿನ ಹಿಂದೆ ಕಾರು ಬಿಟ್ಟೆ. ಹೊಗೆ ದಟ್ಟವಾಗಿತ್ತು. ಹಗಲಲ್ಲೇ ಎಲ್ಲರೂ ಹೆಡ್‌ಲೈಟು ಹಾಕಿಕೊಂಡಿದ್ದರು. ಟ್ರಕ್ಕು ಊರು ಬಿಟ್ಟು ದ್ರಾಕ್ಷಿತೋಟಗಳ ನಡುವಿನ ರಸ್ತೆ ಹಿಡಿಯಿತು. ಬಂಕು ಹೋಗಿ ತೋಟದ ಕೂಲಿ ಎಂದು ನನ್ನ ಅನುಮಾನ ಬಣ್ಣ ಬದಲಾಯಿಸಿತು. ಟ್ರಕ್ಕು ಒಂದು ತೋಟದ ಹಿಂಭಾಗಕ್ಕೆ ಹೋಗಿ, ನೀರಾವರಿಗೆಂದು ತೋಡಿದ ದೊಡ್ಡ ಹೊಂಡದ ಪಕ್ಕ ನಿಂತಿತು. ಹೊಂಡದಲ್ಲಿ ಒಂದು ಕಬ್ಬಿಣದ ವಸ್ತು ತೇಲುತ್ತಿತ್ತು. ಉದ್ದಕ್ಕೆ, ದುಂಡಗೆ, ಎರಡೂ ತುದಿ ಚೂಪು, ನಡುವೆ ಒಂದು ಗಿಡ್ಡ ಗೋಪುರ. ಗೋಪುರದ ಮುಚ್ಚಳ ತೆಗೆದು ನನ್ನ ಮಾವನವರು ಬಿಳಿ ಶರ್ಟಿನಲ್ಲೇ ಅದರೊಳಗೆ ಇಳಿಯುತ್ತಿದ್ದರು!

ಕಾರಿನಿಂದ ಇಳಿದು "ಮಾವಾ!" ಎಂದು ಕೂಗಿದೆ. ಅವರ ತಲೆ ಮಾತ್ರ ಹೊರಗಿತ್ತು. ಟ್ಯೂಷನ್ ತಪ್ಪಿಸಿ ಸಿನಿಮಾಕ್ಕೆ ಹೋಗಿ ಸಿಕ್ಕಿಬಿದ್ದ ಹುಡುಗನ ಮುಖ.

"ನೀ ಯಾಕ ಬಂದೀ?" ಎಂದರು.

ಟ್ರಕ್ಕಿನ ಮಾಲೀಕ ಫ್ರಾಂಕ್, ಎಂಬತ್ತರ ಹತ್ತಿರದ ಅಮೆರಿಕನ್. ನಮ್ಮ ಹಿಂದಿನ ಬೀದಿಯವನು. ಪಾರ್ಕಿನ ಬೆಂಚಿನ ಮೇಲೆ ಇಬ್ಬರಿಗೂ ಪರಿಚಯವಾಗಿತ್ತಂತೆ. ಸಾಗರಗಳ ಹೆಸರು ಬಿಟ್ಟು ಇಬ್ಬರಿಗೂ ಬರುವ ಸಮಾನ ಭಾಷೆ ಅಷ್ಟಕ್ಕಷ್ಟೇ. ಫ್ರಾಂಕ್ ಕೈ ಒರೆಸಿಕೊಂಡು ಉತ್ಸಾಹದಿಂದ ವಿವರಿಸಿದ. ಅಮೆರಿಕದ ನೌಕಾಪಡೆ ಮೊದಮೊದಲು ಪ್ರಯೋಗಕ್ಕೆಂದು ಕಟ್ಟಿಸಿದ ಸಬ್‌ಮರೀನುಗಳ ಒಂದು ತಂಡವಿತ್ತು. ಅವುಗಳಲ್ಲಿ ಎರಡು ಹುಟ್ಟಿದ್ದು ಇಲ್ಲೇ, ಸ್ಯಾನ್ ಫ್ರಾನ್ಸಿಸ್ಕೋದ ಹಡಗುಕಟ್ಟೆಯಲ್ಲಿ. ಫ್ರಾಂಕನ ಮುತ್ತಜ್ಜ ಅಲ್ಲಿ ಕಬ್ಬಿಣ ಬಡಿದವನು. ಈಗ ಮೊಮ್ಮಗನ ಮಗ ಗ್ಯಾರೇಜಿನಲ್ಲಿ ವರ್ಷಗಟ್ಟಲೆ ಕೂತು, ಇಬ್ಬರು ಹಿಡಿಸುವಷ್ಟು ಸಣ್ಣದಾಗಿ ಅವುಗಳದ್ದೇ ತದ್ರೂಪು ಮಾಡಿದ್ದಾನೆ. ತೋಟ ಅವನ ಸ್ನೇಹಿತನದ್ದು.

ಆ ದೋಣಿಗಳನ್ನು ನೌಕಾಪಡೆಯ ದೊಡ್ಡವರೇ ನಂಬುತ್ತಿರಲಿಲ್ಲವಂತೆ. ನೀರಿನ ಮೇಲೆ ಪೆಟ್ರೋಲ್ ಎಂಜಿನ್ನು, ನೀರಿನೊಳಗೆ ಬ್ಯಾಟರಿ ಮೋಟಾರು. ಒಳಗೆ ನೆಟ್ಟಗೆ ನಿಲ್ಲಲು ಜಾಗವಿಲ್ಲ. ಮೇಲಿನದ್ದನ್ನು ನೋಡುವ ಕೊಳವೆ ಕೂಡ ಮೊದಲು ಇರಲಿಲ್ಲ; ಆಗಾಗ ತಲೆ ಎತ್ತಿ ಗೋಪುರದ ಗಾಜಿನಿಂದ ಇಣುಕಿ ಮತ್ತೆ ಮುಳುಗಬೇಕು. ಎಲ್ಲಕ್ಕಿಂತ ಭಯ ಪೆಟ್ರೋಲಿನ ಆವಿಯದ್ದು. ಅದು ಒಳಗೆ ತುಂಬಿಕೊಂಡಾಗ ಮೋಟಾರಿನ ಸ್ವಿಚ್ಚಿನಿಂದ ಒಂದು ಕಿಡಿ ಹಾರಿದರೆ ಮುಗಿಯಿತು. ಹಾಗೆ ಸಿಡಿದು ಜನ ಸತ್ತದ್ದೂ ಉಂಟು. ಆ ಕಾಲದ ಕೆಲವು ಸಬ್‌ಮರೀನುಗಳಲ್ಲಿ ಬಿಳಿ ಇಲಿ ಸಾಕುತ್ತಿದ್ದರಂತೆ, ಇಲಿ ಒದ್ದಾಡಿದರೆ ಗಾಳಿ ಕೆಟ್ಟಿದೆ ಎಂದು ತಿಳಿಯಲು.

"ಮತ್ತೆ ನಿಮ್ಮದರಲ್ಲಿ?" ಎಂದು ಇಂಗ್ಲಿಷಿನಲ್ಲಿ ಕೇಳಿದೆ.

ಆವಿ ಅಳೆಯುವ ಮೀಟರು ತನ್ನಲ್ಲಿದೆ, ಆದರೆ ಈ ಕಾಡ್ಗಿಚ್ಚಿನ ಹೊಗೆಗೆ ಅದು ಸುಮ್ಮಸುಮ್ಮನೆ ಕಿರುಚುತ್ತದೆ, ಬೇಸತ್ತು ಆರಿಸಿಟ್ಟೆ ಎಂದ. ಈ ಕಾಲದಲ್ಲಿ ತನ್ನ ಮೂಗೋ ಸದಾ ಕಟ್ಟಿರುತ್ತದೆ. ಆದ್ದರಿಂದ ಎಂಜಿನ್ನಿನ ಪಕ್ಕ ವೀರ್ ಕೂರುತ್ತಾನೆ. ಮಾವನವರನ್ನು ಅವನು ವೀರ್ ಎಂದೇ ಕರೆಯುತ್ತಿದ್ದ. ಪ್ರತಿ ಸಲ ಮೋಟಾರು ಹಾಕುವ ಮೊದಲು ತಾನು 'ಸ್ಮೆಲ್?' ಎಂದು ಕೂಗುತ್ತೇನೆ, ವೀರ್ ಒಳಗಿನಿಂದ ಹೇಳುತ್ತಾನೆ. "ವೀರ್ ಈಸ್ ಮೈ ಮೌಸ್" ಎಂದು ಬೆನ್ನು ತಟ್ಟಿದ. ಮುಂದಿನ ಗುರುವಾರ ಮೊದಲ ಸಲ ಮುಚ್ಚಳ ಬಿಗಿದು ಪೂರ್ತಿ ಮುಳುಗುವುದು ಎಂದೂ ಹೇಳಿದ. ಮಾವನವರು ನಾಚಿಕೊಂಡು ನೀರು ನೋಡುತ್ತಿದ್ದರು. ನನಗೆ ನಗು ತಡೆಯಲಾಗಲಿಲ್ಲ. ಎದೆಯ ಮೇಲಿನ ಕಲ್ಲು ಇಳಿದಂತಾಗಿತ್ತು. ಸಂಜೆ ಮಹೇಶನಿಗೆ ಹೇಳಿದರೆ ಅವನು ಸೋಫಾದಿಂದ ಬೀಳುವಷ್ಟು ನಕ್ಕ. ಹೊಂಡ ಎಷ್ಟು ಆಳ, ಮೇಲೆ ಹಗ್ಗ ಕಟ್ಟುತ್ತಾರಾ ಎಂದೆಲ್ಲ ಫ್ರಾಂಕನಿಗೆ ಫೋನು ಮಾಡಿ ಕೇಳಿ, ಹೋಗಲಿ ಬಿಡು ಎಂದ.

ನಾನೂ ಬಿಟ್ಟಿದ್ದೆ. ಬುಧವಾರ ಬಟ್ಟೆ ಒಗೆಯುವವರೆಗೆ.

ಬುಟ್ಟಿಯಿಂದ ಮತ್ತೆ ಆ ಶರ್ಟು ತೆಗೆದೆ, ಮತ್ತೆ ಆ ಘಾಟು. ಕೈ ಅಲ್ಲೇ ನಿಂತಿತು. ಈ ಮನುಷ್ಯ ನಮ್ಮಿಂದ ಮುಚ್ಚಿಡಲು ಬೀದಿಯ ಕೊನೆಯವರೆಗೆ ನಡೆದು ಟ್ರಕ್ಕು ಹತ್ತುತ್ತಿದ್ದವರು. ಅಷ್ಟು ಎಚ್ಚರಿಕೆಯವರು ಇಂಥ ಶರ್ಟನ್ನು ಸೊಸೆ ಒಗೆಯುವ ಬುಟ್ಟಿಗೆ ತಾವೇ ಹಾಕುತ್ತಾರಾ? ಕಳ್ಳರನ್ನು ಹಿಡಿಯುವ ನನಗೆ ಇದು ಮೊದಲ ದಿನವೇ ಹೊಳೆಯಬೇಕಿತ್ತು. ಮುಚ್ಚಿಡುವವರು ಗುರುತು ಬಿಟ್ಟರೆ, ಆ ಗುರುತು ಅವರಿಗೆ ಕಂಡಿಲ್ಲ ಎಂದೇ ಅರ್ಥ.

ಅಡುಗೆಮನೆಗೆ ಹೋಗಿ ಇಂಗಿನ ಡಬ್ಬಿ ತೆಗೆದುಕೊಂಡೆ. ಊರಿನಿಂದ ತರಿಸಿದ ಗಟ್ಟಿ ಇಂಗು, ಮುಚ್ಚಳ ತೆಗೆದರೆ ಮಹಡಿಯ ಮೇಲಿರುವ ತನ್ವಿ ಕೆಮ್ಮುತ್ತಾಳೆ. ಮಾವನವರು ಪೇಪರು ಓದುತ್ತಿದ್ದರು. ಟೇಬಲ್ಲು ಒರೆಸುವ ನೆಪದಲ್ಲಿ ತೆರೆದ ಡಬ್ಬಿಯನ್ನು ಪೇಪರಿನ ಹಿಂದೆ, ಅವರ ಗಲ್ಲಕ್ಕೆ ಒಂದು ಗೇಣಿನ ದೂರದಲ್ಲಿ ಇಟ್ಟೆ. ಅವರು ಪುಟ ತಿರುಗಿಸಿದರು. ಮತ್ತೊಂದು ಪುಟ ತಿರುಗಿಸಿದರು.

"ಏನಾರ ವಾಸನೆ ಬರ್ತಿದ್ಯಾ ಮಾವ?"

"ಬರವಲ್ದವಾ" ಎಂದರು, ಪೇಪರಿನಿಂದ ಕಣ್ಣೆತ್ತದೆ.

ಡಬ್ಬಿ ಮುಚ್ಚಿ ಎತ್ತಿಕೊಂಡೆ. ವಾಸನೆ ಬರುತ್ತಿಲ್ಲ. ನಾವು ಎಷ್ಟು ಸಲ ಈ ಮಾತು ಕೇಳಿಸಿಕೊಂಡಿದ್ದೆವು! ಇಲ್ಲಿ ವಾಸನೆ ಇಲ್ಲ ಎಂದೂ ಅದೇ ಮಾತು, ನನಗೆ ವಾಸನೆ ತಿಳಿಯುವುದಿಲ್ಲ ಎಂದೂ ಅದೇ ಮಾತು. ಅವರು ಎರಡನೆಯದನ್ನು ಹೇಳುತ್ತಿದ್ದರು, ನಾವೆಲ್ಲ ಮೊದಲನೆಯದನ್ನು ಕೇಳಿಸಿಕೊಳ್ಳುತ್ತಿದ್ದೆವು. ಅಲ್ಲೇ ಕೇಳಿಬಿಡಬೇಕಿತ್ತು. ಆದರೆ ತನ್ವಿ ಬಂದಳು, ಆಮೇಲೆ ಮಹೇಶ ಬಂದ. ಎಲ್ಲರ ಮುಂದೆ ಹಿರಿಯರಿಗೆ ನಿಮ್ಮ ಮೂಗು ಹೋಗಿದೆಯಾ ಎಂದು ಹೇಗೆ ಕೇಳುವುದು? ಬೆಳಿಗ್ಗೆ ಅವರು ಹೊರಡುವ ಮೊದಲು ಒಬ್ಬರೇ ಸಿಕ್ಕಾಗ ಕೇಳೋಣ ಎಂದುಕೊಂಡೆ. ಬೆಳಿಗ್ಗೆ ನಾನು ತನ್ವಿಯನ್ನು ಸ್ಕೂಲಿಗೆ ಬಿಟ್ಟು ಬರುವಷ್ಟರಲ್ಲಿ ಬಾಗಿಲಲ್ಲಿ ಅವರ ಶೂ ಇರಲಿಲ್ಲ.

ಫ್ರಾಂಕನ ಫೋನು ರಿಂಗಾಗಿ ರಿಂಗಾಗಿ ನಿಂತಿತು. ಆ ದ್ರಾಕ್ಷಿತೋಟದ ರಸ್ತೆಯಲ್ಲಿ ನಾನು ಹೇಗೆ ಕಾರು ಓಡಿಸಿದೆನೋ ದೇವರಿಗೇ ಗೊತ್ತು. ಹೊಂಡದ ಹತ್ತಿರ ಇಳಿದಾಗ ಎಂಜಿನ್ನಿನ ಸದ್ದು ಆಗಷ್ಟೇ ನಿಂತಿತ್ತು. ದೋಣಿ ದಡಕ್ಕೆ ಕಟ್ಟಿದ ಹಲಗೆಯ ಪಕ್ಕದಲ್ಲೇ ಇತ್ತು. ಫ್ರಾಂಕ್ ಗೋಪುರದಲ್ಲಿ ಸೊಂಟದವರೆಗೆ ಇಳಿದು ಮುಚ್ಚಳಕ್ಕೆ ಕೈ ಹಾಕಿದ್ದ.

"ಸ್ಮೆಲ್?" ಎಂದು ಕಾಲ ಕೆಳಗೆ ಬಗ್ಗಿ ಕೂಗಿದ.

ಒಳಗಿನಿಂದ, ಕೊಡದೊಳಗಿನಿಂದ ಬಂದಂತೆ, ಮಾವನವರ ದನಿ ಗಟ್ಟಿಯಾಗಿ ಕೇಳಿಸಿತು. "ನಾಟ್ ಕಮಿಂಗ್!"

ನಾನು "ಸ್ಟಾಪ್, ಸ್ಟಾಪ್" ಎಂದು ಅರಚುತ್ತ ಹಲಗೆಯ ಮೇಲೆ ಓಡಿದೆ. ಚಪ್ಪಲಿ ಒಂದು ನೀರಿಗೆ ಬಿತ್ತು. ಫ್ರಾಂಕ್ ಬೆಚ್ಚಿ ಸರಿದ ಜಾಗದಲ್ಲಿ ತಲೆ ತೂರಿಸಿದೆ. ಕಣ್ಣಲ್ಲಿ ನೀರು ಬರುವಷ್ಟು ಪೆಟ್ರೋಲು. ಕೆಳಗೆ ಎಂಜಿನ್ನಿನ ಪಕ್ಕ, ಮೊಣಕಾಲು ಮಡಚಿಕೊಂಡು, ಮಾವನವರು ನನ್ನನ್ನು ನೋಡುತ್ತ ಕೂತಿದ್ದರು. ಪೈಪಿನ ಗಂಟೊಂದು ಸಡಿಲವಾಗಿ ಅವರ ಶೂಗಳ ಕೆಳಗೆ ಪೆಟ್ರೋಲು ಮಡುಗಟ್ಟಿತ್ತು. ಅವರ ಬಲಗೈ ಮೋಟಾರಿನ ಸ್ವಿಚ್ಚಿನ ಮೇಲಿತ್ತು.

"ಕೈ ತೆಗೀರಿ ಮಾವ" ಎಂದೆ. ಅವರು ನಿಧಾನವಾಗಿ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

ಅವರನ್ನು ಮೇಲೆ ಎಳೆದುಕೊಂಡದ್ದು, ಸಂಗತಿ ಏನೆಂದು ತಿಳಿದಾಗ ಫ್ರಾಂಕ್ ಹುಲ್ಲಿನ ಮೇಲೆ ಕುಸಿದು ಕೂತದ್ದು, ಇದೆಲ್ಲ ಮಂಕಾಗಿ ನೆನಪಿದೆ. ಅವನು ಬೈಯಲಿಲ್ಲ. "ಯು ಟೋಲ್ಡ್ ಮಿ" ಎಂದು ಒಂದೇ ಮಾತನ್ನು ಬಿಟ್ಟು ಬಿಟ್ಟು ಹೇಳಿದ. ನೀನು ನನಗೆ ಹೇಳಿದ್ದೆ ಎಂದು. ಅದು ದೂರೋ, ತಪ್ಪೊಪ್ಪಿಗೆಯೋ ನನಗೆ ತಿಳಿಯಲಿಲ್ಲ.

ಮನೆಗೆ ಬರುವಾಗ ಅರ್ಧ ದಾರಿಯಲ್ಲಿ ಕಾರು ಬದಿಗೆ ಹಾಕಿದೆ. ಇಬ್ಬರ ಬಟ್ಟೆಯೂ ಒಂದೇ ವಾಸನೆ ಹೊಡೆಯುತ್ತಿತ್ತು, ಒಬ್ಬಳಿಗೆ ಮಾತ್ರ ಅದು ಗೊತ್ತಾಗುತ್ತಿತ್ತು.

"ಯಾವಾಗಿಂದ ಮಾವ?"

ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. ಹೊಗೆಯಲ್ಲಿ ದ್ರಾಕ್ಷಿಯ ಸಾಲುಗಳು ಸ್ವಲ್ಪ ದೂರದವರೆಗೆ ಮಾತ್ರ ಕಾಣುತ್ತಿದ್ದವು.

"ಅಕಿ ಹೋದಾಗಿಂದ" ಎಂದರು. "ಅದs ಜ್ವರದಾಗ ಹೋತು. ಅಕಿನ ದವಾಖಾನಿಗೆ ಒಯ್ದ ಮ್ಯಾಲೆ ಹಗ್ಗದ ಮ್ಯಾಲಿದ್ದ ಸೀರಿ ತಗದು ಮಾರಿಗೆ ಹಿಡಕೊಂಡೆ. ಏನೂ ಬರಲಿಲ್ಲ. ನೀವೆಲ್ಲ ಫೋನಿನ್ಯಾಗ ಅಳ್ತಿದ್ರಿ. ಅದರಾಗ ನನ್ನ ಮೂಗು ಹೋಗೇತಿ ಅಂತ ಹೆಂಗ ಹೇಳ್ಲವಾ? ಮನಿ ಮಂದಿ ಹೋದ ಮ್ಯಾಲೆ ಮೂಗಿನ ಮಾತು ಯಾರು ಆಡ್ತಾರ?"

ನನಗೆ ಅಳು ಬಂತು. ಆದರೂ ನಾನು ನಾನೇ ಅಲ್ಲವೇ. ಸ್ವಿಚ್ಚಿನ ಮೇಲಿದ್ದ ಆ ಕೈ ಕಣ್ಣಿನಿಂದ ಹೋಗುತ್ತಿರಲಿಲ್ಲ. ಒಂದು ಅನುಮಾನ ಹುಟ್ಟಿತ್ತು, ಅದನ್ನು ಇಟ್ಟುಕೊಂಡು ಮನೆಗೆ ಹೋಗಲು ನನ್ನಿಂದ ಆಗುತ್ತಿರಲಿಲ್ಲ.

"ಫ್ರಾಂಕ್ ಯಾಕೆ ಕೇಳ್ತಿದ್ದಾನೆ ಅಂತ ನಿಮಗೆ ಗೊತ್ತಿತ್ತಾ? ನಿಜ ಹೇಳಿ ಮಾವ. ಅವನು ಬೇರೆ ಅರ್ಥ ಮಾಡ್ಕೋತಾನೆ ಅಂತ ಗೊತ್ತಿತ್ತಾ?"

ಅವರು ನನ್ನ ಕಡೆ ತಿರುಗಿದರು. ಕಣ್ಣು ಕೆಂಪಾಗಿತ್ತು, ಹೊಗೆಗೋ ಏನೋ.

"ಇಷ್ಟು ವರ್ಷದಾಗ ಆ ಮಾತು ಯಾರೂ ಕೇಳಿರಲಿಲ್ಲವಾ" ಎಂದರು. "ಅವ ಪ್ರತಿ ಗುರುವಾರ ಕೇಳ್ತಿದ್ದ. ಕೇಳಿದಾಗೊಮ್ಮೆ, ಬರವಲ್ದು ಅಂತ ಜೋರಾಗಿ ಹೇಳ್ತಿದ್ದೆ. ಖರೇನs ಹೇಳ್ತಿದ್ದೆ. ಹೇಳಿದ ಮ್ಯಾಲೆ ಎದಿ ಹಗುರ ಆಗ್ತಿತ್ತು."